ನಡೆಯಲು ಬರುತ್ತದೆ, ಆದರೆ ಮೊಣಕಾಲು ತಪ್ಪುತ್ತದೆ: ಲಿಗಮೆಂಟ್ ಹರಿದರೆ ಆಪರೇಷನ್ ಬೇಕೇ?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆ ಮುಧೋಳ ತಾಲೂಕಿನ ರೈತ. ಮಗಳಿಗೆ 19 ವರ್ಷ. ಬಿ.ಎ. ಓದುತ್ತಾಳೆ, ಕಾಲೇಜಿನ ಖೋ-ಖೋ ತಂಡದಲ್ಲಿದ್ದಾಳೆ. ಏಳು ವಾರದ ಹಿಂದೆ ಆಡುವಾಗ ಕಂಬದ ಹತ್ತಿರ ಒಮ್ಮೆಲೇ ದಿಕ್ಕು ಬದಲಿಸಿದಳು. ಬಲ ಮೊಣಕಾಲಲ್ಲಿ ಲಟಕ್ ಅಂತ ಸದ್ದಾಯಿತಂತೆ. ಯಾರೂ ತಾಗಿರಲಿಲ್ಲ. ಸಂಜೆಯೊಳಗೆ ಬಾವು ಬಂತು. ಮೊದಲ ವಾರ ಊರಲ್ಲೇ ಎಣ್ಣೆ ಹಚ್ಚಿ ತಿಕ್ಕಿಸಿದೆವು. ಈಗ ಬಾವು ಬಹಳಷ್ಟು ಇಳಿದಿದೆ, ಚೆನ್ನಾಗಿ ನಡೆಯುತ್ತಾಳೆ. ಆದರೆ ಹೊಲದ ಬದು ಇಳಿಯುವಾಗ, ಬಸ್ಸಿನಿಂದ ಇಳಿದು ತಿರುಗುವಾಗ ಮೊಣಕಾಲು ತಪ್ಪಿದಂತಾಗುತ್ತದೆ ಅಂತಾಳೆ. ಎಂಆರ್‌ಐ ಮಾಡಿಸಿದೆವು. ಎಸಿಎಲ್ ಎಂಬ ಲಿಗಮೆಂಟ್ ಪೂರ್ತಿ ಹರಿದಿದೆ, ಎಂಸಿಎಲ್ ಎಂಬುದು ಅರ್ಧ ಹರಿದಿದೆ, ಒಳಬದಿಯ ಮೆನಿಸ್ಕಸ್‌ನಲ್ಲಿ ಸಣ್ಣ ಸೀಳಿದೆ ಎಂದು ಬರೆದಿದ್ದಾರೆ. ಒಬ್ಬ ಡಾಕ್ಟರು ಬೇಗ ಆಪರೇಷನ್ ಮಾಡಿಸಿ ಅಂದರು. ಇನ್ನೊಬ್ಬರು ಮೂರು ತಿಂಗಳು ವ್ಯಾಯಾಮ ಮಾಡಿ ನೋಡೋಣ ಅಂದರು. ಮನೆಯ ಹಿರಿಯರು 'ನಡದಾಡ್ತಾಳಲ್ಲ, ಸುಮ್ನ ಯಾಕ ಕೊಯ್ಸೂದು' ಅಂತಾರೆ. ಯಾರ ಮಾತು ಕೇಳಲಿ? ಮಗಳಿಗೆ ಪೊಲೀಸ್ ಭರ್ತಿಗೆ ಹೋಗುವ ಆಸೆಯಿದೆ. ಮತ್ತೆ ಓಡಬಹುದೇ, ಆಡಬಹುದೇ?

ಉತ್ತರ: ಇಬ್ಬರು ಡಾಕ್ಟರ ಮಾತಿನಲ್ಲೂ ಹುರುಳಿದೆ. ಹಿರಿಯರ ಕಾಳಜಿ ಅರ್ಥವಾಗುತ್ತದೆ, ಆದರೆ ಅವರ ತೀರ್ಮಾನವನ್ನು ನಾನು ಒಪ್ಪಲಾರೆ. ನಿಮ್ಮ ಪತ್ರದಲ್ಲಿ ನನಗೆ ಎಂಆರ್‌ಐ ರಿಪೋರ್ಟಿಗಿಂತ ಮುಖ್ಯವಾಗಿ ಕಂಡದ್ದು ಬೇರೊಂದು ಸಾಲು. ಬದು ಇಳಿಯುವಾಗ ಮೊಣಕಾಲು ತಪ್ಪುತ್ತದೆ ಎಂಬ ಸಾಲು. ಆಪರೇಷನ್ ಬೇಕೋ ಬೇಡವೋ ಎಂಬುದು ಅದರ ಮೇಲೆಯೇ ನಿಂತಿದೆ.

ಮೊದಲು ಒಳಗೆ ಏನಾಗಿದೆ ಎಂದು ಹೇಳುತ್ತೇನೆ. ಮೊಣಕಾಲಿನಲ್ಲಿ ತೊಡೆಯ ಎಲುಬು ಕೆಳಕಾಲಿನ ಎಲುಬಿನ ಮೇಲೆ ಕೂತಿರುತ್ತದೆ. ಸೊಂಟದ ಕೀಲಿನಲ್ಲಿ ಎಲುಬಿನ ಗುಂಡು ಆಳವಾದ ಕುಳಿಯೊಳಗೆ ಕೂರುತ್ತದೆ. ಇಲ್ಲಿ ಅಂಥ ಕುಳಿ ಇಲ್ಲ. ಕೆಳಗಿನ ಎಲುಬಿನ ಮೇಲ್ಭಾಗ ಹೆಚ್ಚೂಕಡಿಮೆ ಸಪಾಟು. ಹಾಗಾಗಿ ಕೀಲನ್ನು ಹಿಡಿದಿಡುವ ಕೆಲಸವೆಲ್ಲ ಲಿಗಮೆಂಟ್ (ಎಲುಬಿಗೆ ಎಲುಬನ್ನು ಕಟ್ಟಿಹಿಡಿಯುವ ಗಟ್ಟಿ ಪಟ್ಟಿ) ಮತ್ತು ಸ್ನಾಯುಗಳ ಮೇಲೆ ಬೀಳುತ್ತದೆ. ಮುಖ್ಯವಾದ ಲಿಗಮೆಂಟ್ ನಾಲ್ಕು. ಒಳಬದಿಗೆ ಎಂಸಿಎಲ್, ಹೊರಬದಿಗೆ ಎಲ್‌ಸಿಎಲ್. ಕೀಲಿನ ನಟ್ಟನಡುವೆ ಒಂದಕ್ಕೊಂದು ಅಡ್ಡ ಹಾಯ್ದಿರುವ ಎರಡು, ಎಸಿಎಲ್ ಮತ್ತು ಪಿಸಿಎಲ್. ಎಸಿಎಲ್ ಉದ್ದ 3 ಸೆಂಟಿಮೀಟರ್ ಆಸುಪಾಸು ಅಷ್ಟೇ. ಆದರೆ ಕೆಳಕಾಲಿನ ಎಲುಬು ಮುಂದಕ್ಕೆ ಜರುಗದಂತೆ, ತಿರುಗುವಾಗ ಹೊರಳದಂತೆ ತಡೆಯುವುದು ಅದೇ. ಅದರೊಳಗೆ ನರದ ತುದಿಗಳೂ ಇವೆ. ಕಾಲು ಎಷ್ಟು ಬಾಗಿದೆ, ಎತ್ತ ತಿರುಗುತ್ತಿದೆ ಎಂಬ ಸುದ್ದಿ ಅಲ್ಲಿಂದಲೂ ಮೆದುಳಿಗೆ ಹೋಗುತ್ತದೆ. ಆ ಸುದ್ದಿ ಸಿಕ್ಕರೆ ತೊಡೆಯ ಸ್ನಾಯು ಸರಿಯಾದ ಹೊತ್ತಿಗೆ ಬಿಗಿಯುತ್ತದೆ. ಎಸಿಎಲ್ ಹರಿದಾಗ ಹಿಡಿತವೂ ಹೋಗುತ್ತದೆ, ಸುದ್ದಿಯೂ ಕುಂದುತ್ತದೆ.

ಯಾರೂ ತಾಗದೆ ಹೇಗೆ ಹರಿಯಿತು ಎಂಬ ಅನುಮಾನ ನಿಮಗಿರಬಹುದು. ಎಸಿಎಲ್ ಹರಿಯುವುದು ಹೆಚ್ಚಾಗಿ ಹೀಗೆಯೇ. ಪಾದ ನೆಲ ಕಚ್ಚಿರುತ್ತದೆ, ಮೈ ಬೇರೆ ಕಡೆ ತಿರುಗುತ್ತದೆ, ಸ್ವಲ್ಪವೇ ಬಾಗಿದ ಮೊಣಕಾಲು ಒಳಕ್ಕೆ ವಾಲುತ್ತದೆ. ಕ್ಷಣದೊಳಗೆ ಎಲ್ಲ ಮುಗಿದಿರುತ್ತದೆ. ಖೋ-ಖೋದಲ್ಲಿ ತಪ್ಪಿಸಿಕೊಂಡು ಓಡುವವರಿಗೆ, ಕಬಡ್ಡಿಯಲ್ಲಿ ರೇಡ್ ಮಾಡಿ ಒಮ್ಮೆಲೇ ಹೊರಳುವವರಿಗೆ, ವಾಲಿಬಾಲ್‌ನಲ್ಲಿ ಜಿಗಿದು ಒಂಟಿ ಕಾಲ ಮೇಲೆ ಇಳಿಯುವವರಿಗೆ ಇದು ಆಗುತ್ತದೆ. ಲಟಕ್ ಎಂಬ ಸದ್ದು, ಆಟ ಮುಂದುವರಿಸಲು ಆಗದಿರುವುದು, ಕೆಲವೇ ತಾಸಿನಲ್ಲಿ ಬಾವು. ಈ ಮೂರೂ ಒಟ್ಟಿಗೆ ಬಂದರೆ ಎಸಿಎಲ್ ಹರಿದಿದೆ ಎಂದೇ ಮೊದಲು ಅನುಮಾನ ಪಡಬೇಕು. ಅಷ್ಟು ಬೇಗ ಬಾವು ಬರುವುದು ಕೀಲಿನೊಳಗೆ ರಕ್ತ ತುಂಬಿದ್ದರಿಂದ. ನಮ್ಮ ಶಾಲೆ-ಕಾಲೇಜುಗಳ ಪಿಟಿ ಸರ್‌ಗಳಿಗೆ ಇಷ್ಟು ವಿಷಯ ಗೊತ್ತಿದ್ದರೂ ಸಾಕು, ಎಷ್ಟೋ ಮಕ್ಕಳ ಮೊಣಕಾಲು ಉಳಿಯುತ್ತದೆ.

ತಿಕ್ಕಿಸಿದ ವಿಷಯ. ನೀವು ಒಳ್ಳೆಯದಾಗಲಿ ಅಂತಲೇ ಮಾಡಿಸಿದ್ದೀರಿ. ಆದರೆ ರಕ್ತ ತುಂಬಿ ಬಾತ ಕೀಲನ್ನು ಬಿಸಿ ಎಣ್ಣೆ ಹಚ್ಚಿ ತಿಕ್ಕಿದರೆ, ಎಳೆದರೆ ಬಾವು ಜಾಸ್ತಿಯಾಗುತ್ತದೆ. ಬಾವು ಇದ್ದಷ್ಟು ದಿನ ತೊಡೆಯ ಮುಂದಿನ ದೊಡ್ಡ ಸ್ನಾಯು ಸರಿಯಾಗಿ ಬಿಗಿಯುವುದಿಲ್ಲ. ಮೆದುಳೇ ಅದನ್ನು ತಡೆಹಿಡಿಯುತ್ತದೆ. ಮಗಳ ಎರಡೂ ತೊಡೆಗಳನ್ನು ಪಕ್ಕಪಕ್ಕ ನೋಡಿ. ಬಲತೊಡೆ ಸೊರಗಿದ್ದು ನಿಮ್ಮ ಕಣ್ಣಿಗೇ ಕಾಣಬಹುದು. ಇನ್ನು ಮುಂದೆ ತಿಕ್ಕಿಸುವುದು, ಎಳೆಸುವುದು, ಬಿದಿರ ದಬ್ಬೆ ಕಟ್ಟಿಸುವುದು ಯಾವುದೂ ಬೇಡ. ಬಾವು ಬಂದಾಗ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 15 ನಿಮಿಷ ಇಟ್ಟು, ಕಾಲು ಎತ್ತರಿಸಿ ಮಲಗಿದರೆ ಸಾಕು.

ಇನ್ನು ಹಿರಿಯರ ಮಾತು. ನಡೆದಾಡುತ್ತಾಳಲ್ಲ ಎನ್ನುತ್ತಾರೆ. ನಿಜ, ಆದರೆ ಸಪಾಟು ದಾರಿಯಲ್ಲಿ ನೇರವಾಗಿ ನಡೆಯಲು ಎಸಿಎಲ್ ಅಷ್ಟಾಗಿ ಬೇಕಿಲ್ಲ. ಎಸಿಎಲ್ ಇಲ್ಲದೆಯೇ ಎಷ್ಟೋ ಜನ ಓಡಾಡಿಕೊಂಡಿದ್ದಾರೆ. ಅದು ಬೇಕಾಗುವುದು ತಿರುಗುವಾಗ, ಜಿಗಿದು ಇಳಿಯುವಾಗ, ಎರೆ ಹೊಲದಲ್ಲಿ ಹೆಂಟೆಯ ಮೇಲೆ ಕಾಲಿಡುವಾಗ. ನಿಮ್ಮ ಮಗಳಿಗೆ ತೊಂದರೆ ಬರುತ್ತಿರುವುದೂ ಸರಿಯಾಗಿ ಅಲ್ಲೇ. ಪ್ರತಿ ಸಲ ಮೊಣಕಾಲು ತಪ್ಪಿದಾಗ ಮೇಲಿನ ಎಲುಬು ಕೆಳಗಿನದರ ಮೇಲೆ ಜಾರುತ್ತದೆ. ನಡುವೆ ಸಿಕ್ಕಿ ಒತ್ತಿಸಿಕೊಳ್ಳುವುದು ಮೆನಿಸ್ಕಸ್. ಅಚ್ಚು ಸಡಿಲಾದ ಗಾಡಿಯೂ ಮುಂದಕ್ಕೆ ಹೋಗುತ್ತದೆ, ಆದರೆ ಹೋದಷ್ಟೂ ಗಾಲಿ ತೇಯುತ್ತಿರುತ್ತದೆ. ಇಲ್ಲಿಯೂ ಹಾಗೆಯೇ.

ಈ ಮೆನಿಸ್ಕಸ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ ಇರುವುದು ಅದರ ಬಗ್ಗೆಯೇ. ಎರಡು ಎಲುಬುಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತನೆಯ ಪಟ್ಟಿಗಳಿರುತ್ತವೆ. ಮೈಭಾರವನ್ನು ಹಂಚುವುದು ಅವುಗಳ ಕೆಲಸ. ಎಸಿಎಲ್ ಇಲ್ಲದಾಗ ಒಳಬದಿಯ ಪಟ್ಟಿಯ ಹಿಂಭಾಗ ಎಲುಬು ಮುಂದೆ ಜರುಗದಂತೆ ತಡೆಯಲು ಹೆಣಗುತ್ತದೆ. ಹೆಣಗಿ ಹೆಣಗಿ ಕೊನೆಗೆ ಅದೇ ಸೀಳುತ್ತದೆ. ಮೆನಿಸ್ಕಸ್‌ನ ಹೊರ ಅಂಚಿಗೆ ಮಾತ್ರ ರಕ್ತ ಸಿಗುತ್ತದೆ, ಒಳ ಅಂಚಿಗೆ ಇಲ್ಲ. ಹೊರ ಅಂಚಿನ ಸೀಳನ್ನು ಹೊಲಿದರೆ ಕೂಡಿಕೊಳ್ಳಬಹುದು. ಒಳ ಅಂಚು ಪುಡಿಪುಡಿಯಾದರೆ ಕತ್ತರಿಸಿ ತೆಗೆಯಬೇಕಾಗುತ್ತದೆ. ಹೆಚ್ಚು ತೆಗೆದಷ್ಟೂ ಕೀಲು ಬೇಗ ಸವೆಯುತ್ತದೆ. ಮಗಳಿಗೆ ಈಗ ಇರುವುದು ಸಣ್ಣ ಸೀಳು. ಅದು ಸಣ್ಣದಾಗಿಯೇ ಇರಬೇಕು. ಮುಂದೆ ಯಾವತ್ತಾದರೂ ಮೊಣಕಾಲು ಅರ್ಧಕ್ಕೆ ಸಿಕ್ಕಿಕೊಂಡು ನೆಟ್ಟಗೆ ಮಾಡಲು ಬಾರದಿದ್ದರೆ ತಡ ಮಾಡಬೇಡಿ. ಹರಿದ ತುಂಡು ಕೀಲಿನ ನಡುವೆ ಸಿಕ್ಕಿರಬಹುದು. ಆಗ ಕಾಯುವ ಮಾತೇ ಇಲ್ಲ.

ಎಂಸಿಎಲ್ ಬಗ್ಗೆ ಚಿಂತೆ ಬಿಡಿ. ಅದು ಕೀಲಿನ ಹೊರಗಿದೆ, ರಕ್ತ ಚೆನ್ನಾಗಿ ಸಿಗುತ್ತದೆ. ಅರ್ಧ ಹರಿದದ್ದು ಕೆಲವು ವಾರಗಳಲ್ಲಿ ತಾನೇ ಕೂಡುತ್ತದೆ. ಬಹುಶಃ ಈಗಾಗಲೇ ಬಹುಪಾಲು ಕೂಡಿರುತ್ತದೆ. ಎಸಿಎಲ್ ಕತೆ ಬೇರೆ. ಕೀಲಿನೊಳಗಿನ ನೀರಿನಲ್ಲಿ ಅದರ ಹರಿದ ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ ನಿಲ್ಲುವುದಿಲ್ಲ, ಹಾಗಾಗಿ ಅವು ಒಂದನ್ನೊಂದು ಸೇರುವುದು ಕಷ್ಟ. ಕೆಲವರಲ್ಲಿ ಮತ್ತೆ ಕೂಡಿದ್ದು ಎಂಆರ್‌ಐನಲ್ಲಿ ಕಂಡಿದೆ ನಿಜ. ಆದರೆ ತಪ್ಪುತ್ತಲೇ ಇರುವ ಮೊಣಕಾಲನ್ನು ಇಟ್ಟುಕೊಂಡು ಅದನ್ನೇ ನಂಬಿ ಕೂರುವಂತಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಆಪರೇಷನ್ನೋ ವ್ಯಾಯಾಮವೋ? 2010ರಲ್ಲಿ ಸ್ವೀಡನ್‌ನ ಒಂದು ಅಧ್ಯಯನ ಪ್ರಕಟವಾಯಿತು. ಆಗಷ್ಟೇ ಎಸಿಎಲ್ ಹರಿದಿದ್ದ 121 ಮಂದಿ ಚಟುವಟಿಕೆಯ ಯುವಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗ ಆಪರೇಷನ್, ಜೊತೆಗೆ ವ್ಯಾಯಾಮ. ಇನ್ನೊಂದಕ್ಕೆ ಮೊದಲು ವ್ಯಾಯಾಮ, ಕಾಲು ತಪ್ಪುತ್ತಲೇ ಇದ್ದರೆ ಮಾತ್ರ ಆಪರೇಷನ್. ಎರಡು ವರ್ಷದ ಹೊತ್ತಿಗೆ ಎರಡೂ ಗುಂಪಿನವರ ನೋವು, ಓಡಾಟ ಹೆಚ್ಚೂಕಡಿಮೆ ಒಂದೇ ಆಗಿತ್ತು. ಎರಡನೇ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅಲ್ಲಿಯವರೆಗೆ ಆಪರೇಷನ್ನೇ ಬೇಕಾಗಿರಲಿಲ್ಲ. ಮೂರು ತಿಂಗಳು ನೋಡೋಣ ಎಂದ ಡಾಕ್ಟರ ಮಾತಿನ ಹಿಂದೆ ಇಂಥ ಆಧಾರ ಇದೆ. 2022ರಲ್ಲಿ ಬ್ರಿಟನ್‌ನಿಂದ ಇನ್ನೊಂದು ಅಧ್ಯಯನ ಬಂತು. ಅದರಲ್ಲಿದ್ದ 316 ಮಂದಿಗೆ ಪೆಟ್ಟು ಹಳೆಯದಾಗಿತ್ತು, ಮೊಣಕಾಲು ಇನ್ನೂ ತಪ್ಪುತ್ತಲೇ ಇತ್ತು. ಅಂಥವರಲ್ಲಿ ಆಪರೇಷನ್ ಮಾಡಿಸಿಕೊಂಡವರೇ ಹೆಚ್ಚು ಸುಧಾರಿಸಿದರು. ಎರಡನ್ನೂ ಒಟ್ಟಿಗೆ ಓದಿದರೆ ದಾರಿ ಕಾಣುತ್ತದೆ. ಸ್ನಾಯು ಗಟ್ಟಿಯಾದ ಮೇಲೆ ಮೊಣಕಾಲು ನಿಂತರೆ ಆಪರೇಷನ್ ಇಲ್ಲದೆ ಬದುಕಬಹುದು. ನಿಲ್ಲದಿದ್ದರೆ ಕಾಯುತ್ತಾ ಕೂರಬಾರದು.

ಎಂಆರ್‌ಐ ಚಿತ್ರ ಲಿಗಮೆಂಟ್ ಹರಿದಿದೆಯೋ ಇಲ್ಲವೋ ಹೇಳುತ್ತದೆ. ಕೀಲು ನಿಲ್ಲುತ್ತದೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಡಾಕ್ಟರು ಕೈಯಿಂದಲೇ ನೋಡಬೇಕು. ಮೊಣಕಾಲನ್ನು 20-30 ಡಿಗ್ರಿ ಬಾಗಿಸಿ, ಕೆಳಕಾಲನ್ನು ಮುಂದಕ್ಕೆ ಎಳೆದು ಎಷ್ಟು ಜರುಗುತ್ತದೆ ಎಂದು ನೋಡುವುದು ಲ್ಯಾಕ್‌ಮನ್ ಪರೀಕ್ಷೆ. ತಿರುಗಿಸಿ ಬಾಗಿಸಿ ನೋಡುವುದು ಪಿವಟ್ ಶಿಫ್ಟ್. ರಿಪೋರ್ಟ್ ಮಾತ್ರ ಓದಿ, ಕಾಲು ಮುಟ್ಟದೆ ಯಾರಾದರೂ ಆಪರೇಷನ್ ದಿನಾಂಕ ಕೊಟ್ಟರೆ ಇನ್ನೊಬ್ಬರನ್ನು ಕೇಳಿ.

ನಾನು ಆಕೆಯ ಕಾಲನ್ನು ಮುಟ್ಟಿ ನೋಡಿಲ್ಲ. ಆದರೂ ನೀವು ಬರೆದದ್ದನ್ನು ನೋಡಿದರೆ ನನ್ನ ಒಲವು ಆಪರೇಷನ್ ಕಡೆಗಿದೆ. ವಯಸ್ಸು 19. ಆಡುವುದು ಕ್ಷಣಕ್ಷಣಕ್ಕೂ ತಿರುಗುವ ಆಟ. ದಿನದ ಓಡಾಟದಲ್ಲೇ ಕಾಲು ತಪ್ಪುತ್ತಿದೆ. ಮೆನಿಸ್ಕಸ್‌ಗೆ ಆಗಲೇ ಪೆಟ್ಟಾಗಿದೆ. ಇದೇ ರಿಪೋರ್ಟ್ ಕೈಯಲ್ಲಿ ಹಿಡಿದು 50 ವರ್ಷದ ಅಂಗಡಿಕಾರರು ಬಂದಿದ್ದರೆ, ಅವರ ಕಾಲು ತಪ್ಪದೇ ಇದ್ದರೆ, ನಾನು ಬೇರೆಯೇ ಹೇಳುತ್ತಿದ್ದೆ.

ಆದರೆ ನಾಳೆಯೇ ಬೇಡ. ಬಾತ, ಬಿಗಿದ ಮೊಣಕಾಲಿಗೆ ಆಪರೇಷನ್ ಮಾಡಿದರೆ ಆಮೇಲೆ ಕಾಲು ಪೂರ್ತಿ ನೆಟ್ಟಗೆ ಆಗದೆ ಉಳಿಯುವ ಅಪಾಯವಿದೆ. ಹಾಗೆ ಉಳಿದರೆ ಜೀವಮಾನವಿಡೀ ಕುಂಟು. ಅದಕ್ಕೆ ಮೊದಲ ನಾಲ್ಕಾರು ವಾರ ತಯಾರಿಗೆ ಇಡಿ. ಮೊದಲ ಗುರಿ ಕಾಲು ಪೂರ್ತಿ ನೆಟ್ಟಗಾಗುವುದು. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೊಣಕಾಲಿನ ಕೆಳಗೆ ಏನೂ ಇಡದೆ, ಹತ್ತು ನಿಮಿಷ ಮಲಗಲಿ. ದಿನಕ್ಕೆ ಮೂರ್ನಾಲ್ಕು ಸಲ. ಹಾಯೆನಿಸುತ್ತದೆ ಎಂದು ಮೊಣಕಾಲಡಿ ದಿಂಬು ಇಟ್ಟು ಮಲಗುವ ರೂಢಿ ಮನೆಮನೆಯಲ್ಲಿದೆ. ಅದೇ ಕಾಲನ್ನು ಬಾಗಿಸಿಬಿಡುತ್ತದೆ. ಆಮೇಲೆ ಕಾಲು ಚಾಚಿ ಕುಳಿತು, ಮೊಣಕಾಲನ್ನು ಹಾಸಿಗೆಗೆ ಒತ್ತಿ, ತೊಡೆ ಬಿಗಿದು ಐದಾರು ಸೆಕೆಂಡು ಹಿಡಿಯಲಿ. ಇದನ್ನು ದಿನದಲ್ಲಿ ಎಷ್ಟು ಸಲ ಮಾಡಿದರೂ ಜಾಸ್ತಿಯಾಗುವುದಿಲ್ಲ. ತೊಡೆ ಬಿಗಿ ಬಂದ ಮೇಲೆ ನೆಟ್ಟಗಿನ ಕಾಲನ್ನು ಮೇಲೆತ್ತುವುದು, ಹಿಮ್ಮಡಿಯನ್ನು ಜಾರಿಸಿ ಮೊಣಕಾಲು ಬಾಗಿಸುವುದು, ಗೋಡೆಗೆ ಬೆನ್ನು ಕೊಟ್ಟು ಸ್ವಲ್ಪವೇ ಕೂರುವುದು, ಗೋಡೆಯ ಪಕ್ಕ ಒಂಟಿ ಕಾಲಲ್ಲಿ ನಿಲ್ಲುವುದು. ಹಿಂದೊಡೆಯ, ಅಂದರೆ ತೊಡೆಯ ಹಿಂಬದಿಯ, ಸ್ನಾಯುಗಳನ್ನು ಮರೆಯಬೇಡಿ. ಅವು ಕೆಳಕಾಲಿನ ಎಲುಬನ್ನು ಹಿಂದಕ್ಕೆ ಎಳೆಯುತ್ತವೆ, ಅಂದರೆ ಎಸಿಎಲ್ ಮಾಡಬೇಕಾದ ಕೆಲಸವನ್ನು ಸ್ವಲ್ಪ ಮಟ್ಟಿಗೆ ತಾವು ಹೊರುತ್ತವೆ. ಗರಡಿ ಮನೆಯ ಪೂರ್ತಿ ಬಸ್ಕಿ ಈಗ ಬೇಡ.

ಸೈಕಲ್ ಬಹಳ ಒಳ್ಳೆಯದು. ಬಾಗಲಕೋಟೆ, ವಿಜಯಪುರದ ಕಡೆ ಸೈಕ್ಲಿಂಗ್ ಯಾರಿಗೂ ಹೊಸದಲ್ಲ, ಅಲ್ವಾ? ಪೆಡಲ್ ತುಳಿಯುವಾಗ ಕಾಲು ತಿರುಚುವುದಿಲ್ಲ, ಎಸಿಎಲ್ ಇರುವ ಜಾಗಕ್ಕೆ ಜಗ್ಗಾಟ ಕಡಿಮೆ, ತೊಡೆಗೆ ಮಾತ್ರ ಕೆಲಸ. ಮೊದಲು ನಿಂತ ಸೈಕಲ್ ತುಳಿಯಲಿ, ಸೀಟು ಎತ್ತರಿಸಿ. ರಸ್ತೆಯಲ್ಲಿ ಗಕ್ಕನೆ ಕಾಲು ಕೊಟ್ಟು ನಿಲ್ಲಿಸಬೇಕಾಗುವುದರಿಂದ ಹೊರಗಿನ ಸವಾರಿ ಸದ್ಯಕ್ಕೆ ಬೇಡ. ಬಾವು ಪೂರ್ತಿ ಇಳಿದು, ಕಾಲು ಇನ್ನೊಂದರಷ್ಟೇ ನೆಟ್ಟಗಾಗಿ, ಬಲತೊಡೆಯ ಬಲ ಎಡತೊಡೆಯ 80 ಪರ್ಸೆಂಟ್‌ನಷ್ಟಾದರೂ ಬಂದಾಗ ಆಪರೇಷನ್‌ಗೆ ಸರಿಯಾದ ಹೊತ್ತು. ಈ ವಾರಗಳಲ್ಲೇ ಮೊಣಕಾಲು ತಪ್ಪುವುದು ಪೂರ್ತಿ ನಿಂತುಹೋದರೆ ಡಾಕ್ಟರ ಜೊತೆ ಮತ್ತೊಮ್ಮೆ ಕೂತು ಯೋಚಿಸಬಹುದು. ಹೇಗಾದರೂ ಈ ವ್ಯಾಯಾಮ ವ್ಯರ್ಥವಾಗುವುದಿಲ್ಲ.

ಆಪರೇಷನ್‌ನಲ್ಲಿ ಹರಿದ ತುದಿಗಳನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ. ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ, ಎಲುಬಿನಲ್ಲಿ ಸುರಂಗ ಕೊರೆದು, ಆಕೆಯದೇ ಕಾಲಿನ ಬೇರೆ ಕಡೆಯ ಸ್ನಾಯುರಜ್ಜುವನ್ನು (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ಅಲ್ಲಿ ಕೂರಿಸುತ್ತಾರೆ. ಹಿಂದೊಡೆಯದ್ದು, ಮೊಣಕಾಲ ಚಿಪ್ಪಿನ ಕೆಳಗಿನದ್ದು ಅಥವಾ ಮೇಲಿನದ್ದು, ಕೆಲವೊಮ್ಮೆ ಹರಡಿನ ಹತ್ತಿರದ್ದು. ಯಾವುದು ಒಳ್ಳೆಯದು ಎಂಬುದಕ್ಕೆ ಒಂದೇ ಉತ್ತರ ಇಲ್ಲ. ಆಕೆಯ ಆಟ ಮತ್ತು ಸರ್ಜನ್ ಕೈಗೆ ಕುದುರಿದ ರೀತಿ ನೋಡಿ ನಿರ್ಧಾರವಾಗುತ್ತದೆ. ಗಾಯದ ಗುರುತು ಕೆಲವೇ ಸೆಂಟಿಮೀಟರ್. ಹುಡುಗಿಯ ಕಾಲ ಮೇಲೆ ಗುರುತು ಉಳಿದರೆ ನಾಳೆ ನಂಟಸ್ತನಕ್ಕೆ ತೊಡಕು ಎಂದು ಕೆಲವು ಮನೆಗಳಲ್ಲಿ ಅನ್ನುತ್ತಾರೆ. ದಯವಿಟ್ಟು ಆ ಮಾತು ಆಕೆಯ ಕಿವಿಗೆ ಬೀಳದಿರಲಿ. ಗಟ್ಟಿ ಮೊಣಕಾಲು ಆಕೆಗೆ ಇನ್ನೂ ಐವತ್ತು ಅರವತ್ತು ವರ್ಷ ಬೇಕು.

ಹೊಸದಾಗಿ ಕೂರಿಸಿದ್ದು ಮೊದಲ ದಿನದಿಂದಲೇ ಗಟ್ಟಿ ಇರುವುದಿಲ್ಲ. ಮೈ ಅದನ್ನು ತನ್ನದಾಗಿ ಮಾಡಿಕೊಳ್ಳುವಾಗ ಮೊದಲು ಅದು ಸೊರಗುತ್ತದೆ, ಆಮೇಲೆ ಬಲಿಯುತ್ತದೆ. 6ರಿಂದ 12 ವಾರದ ನಡುವೆ ಅದು ತೀರಾ ನಾಜೂಕು. ಅದೇ ಹೊತ್ತಿಗೆ ನೋವು ಹೋಗಿರುತ್ತದೆ, ಮಗಳಿಗೆ ಹುರುಪು ಬಂದಿರುತ್ತದೆ. ನೀವು ಕಣ್ಣಿಡಬೇಕಾದದ್ದು ಆಗಲೇ. ಮನೆಯಲ್ಲೂ ಕೆಲವು ಏರ್ಪಾಡು ಬೇಕು. ಮೊದಲ ಮೂರ್ನಾಲ್ಕು ತಿಂಗಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಕುಕ್ಕರಗಾಲಲ್ಲಿ ಒಲೆ ಮುಂದೆ ರೊಟ್ಟಿ ಬಡಿಯುವುದು ಬೇಡ. ಕುಕ್ಕರಿಸುವ ಪಾಯಖಾನೆ ಇದ್ದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ತನ್ನಿ. ಹೊಲದ ಕೆಲಸಕ್ಕಂತೂ ಕರೆಯಲೇಬೇಡಿ.

ನಮ್ಮ ಭಾಗದಲ್ಲಿ ಆಪರೇಷನ್‌ಗೆ ಕೊರತೆ ಇಲ್ಲ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಮೂರೂ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಕೆಡುವುದು ಆಮೇಲೆ. ಹೊಲಿಗೆ ಬಿಚ್ಚಿಸಿದ ಮೇಲೆ ಬಸ್ಸಿನ ದಾರಿ ದೂರ, ಕಬ್ಬಿನ ಕಟಾವು ಬಂತು, ಪರೀಕ್ಷೆ ಬಂತು ಅಂತ ಫಿಸಿಯೋಥೆರಪಿ ನಿಂತುಹೋಗುತ್ತದೆ. ಒಳ್ಳೆಯ ಆಪರೇಷನ್ ಆಗಿಯೂ ತೊಡೆ ಸೊರಗಿ, ಕಾಲು ಬಾಗಿಯೇ ಉಳಿದವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ದಿನಾ ಆಸ್ಪತ್ರೆಗೆ ಹೋಗಬೇಕೆಂದಿಲ್ಲ. ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಹೋಗಿ, ಕಲಿಸಿದ್ದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಬಂದು ಮನೆಯಲ್ಲಿ ದಿನಾ ಮಾಡಿದರೂ ನಡೆಯುತ್ತದೆ.

ಓಡಬಹುದೇ ಎಂದಿರಿ. ತೊಡೆಯ ಬಲ ಬಂದಿದ್ದರೆ ಮೂರ್ನಾಲ್ಕು ತಿಂಗಳಿಗೆ ನೇರ ಓಟವನ್ನು ನಿಧಾನವಾಗಿ ಶುರು ಮಾಡಬಹುದು. ಪೊಲೀಸ್ ಭರ್ತಿಯಲ್ಲಿ ಓಟದ ಜೊತೆ ಜಿಗಿತವೂ ಇರುತ್ತದೆ. ಜಿಗಿದು ಇಳಿಯುವುದೇ ಕಷ್ಟದ ಭಾಗ, ಹಾಗಾಗಿ ಈ ಸಲದ ಭರ್ತಿಗೆ ಆತುರ ಪಡಬೇಡಿ. ಖೋ-ಖೋಗೆ 9 ತಿಂಗಳಿಗಿಂತ ಮೊದಲು ಬೇಡವೇ ಬೇಡ. ಅಮೆರಿಕದ ಡೆಲಾವೇರ್ ಮತ್ತು ನಾರ್ವೆಯ ಓಸ್ಲೋ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 9 ತಿಂಗಳವರೆಗೆ ಆಟವನ್ನು ಮುಂದೂಡಿದ ಒಂದೊಂದು ತಿಂಗಳಿಗೂ ಮತ್ತೆ ಪೆಟ್ಟಾಗುವ ಸಾಧ್ಯತೆ ಸುಮಾರು ಅರ್ಧದಷ್ಟು ಇಳಿದಿತ್ತು. ತಿಂಗಳು ಎಣಿಸಿದರೆ ಮಾತ್ರ ಸಾಲದು. ತೊಡೆಯ ಬಲ ಇನ್ನೊಂದು ಕಾಲಿನ 90 ಪರ್ಸೆಂಟ್ ತಲುಪಬೇಕು, ಒಂಟಿ ಕಾಲಲ್ಲಿ ಜಿಗಿಯುವ ಪರೀಕ್ಷೆಯಲ್ಲಿ ಎರಡೂ ಕಾಲು ಸರಿಸಮ ಬರಬೇಕು. ಇಷ್ಟೆಲ್ಲ ಹೇಳುವುದಕ್ಕೆ ಕಾರಣ ಇದೆ. ಆಟಕ್ಕೆ ಮರಳಿದ 25 ವರ್ಷದೊಳಗಿನವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದೇ ಕಾಲಿನದ್ದೋ ಇನ್ನೊಂದು ಕಾಲಿನದ್ದೋ ಎಸಿಎಲ್ ಮತ್ತೆ ಹರಿಯುತ್ತದೆ. ಇನ್ನೊಂದು ಮಾತು ಮುಚ್ಚಿಡಬಾರದು. ಆಪರೇಷನ್ ಆದರೂ ಮುಂದೆ ಕೀಲು ಸವೆಯುವ ಸಾಧ್ಯತೆ ಪೆಟ್ಟಾಗದವರಿಗಿಂತ ಜಾಸ್ತಿಯೇ ಇರುತ್ತದೆ. ಮೈತೂಕ ಹತೋಟಿಯಲ್ಲಿಟ್ಟು, ತೊಡೆ ಗಟ್ಟಿ ಇಟ್ಟುಕೊಂಡರೆ ಅದನ್ನು ದೂರ ತಳ್ಳಬಹುದು.

ಮೆಡಿಕಲ್ ಶಾಪಿನ ನೀ-ಕ್ಯಾಪ್ ಬೆಚ್ಚಗಿಡುತ್ತದೆ, ಧೈರ್ಯ ಕೊಡುತ್ತದೆ. ಮೊಣಕಾಲು ತಿರುಚುವುದನ್ನು ತಡೆಯುವುದಿಲ್ಲ. ಪೂರ್ತಿ ಹರಿದ ಎಸಿಎಲ್ ಅನ್ನು ಕೂಡಿಸುವ ಇಂಜೆಕ್ಷನ್ ಯಾವುದೂ ಇಲ್ಲ. ಅದಕ್ಕೆ ದುಡ್ಡು ಹಾಕಬೇಡಿ.

ಆಕೆಯ ತಂಡದ ಉಳಿದ ಹುಡುಗಿಯರ ಬಗ್ಗೆಯೂ ಒಂದು ಮಾತು. ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ, ಅದೇ ಆಟ ಆಡುವ ಹುಡುಗರಿಗೆ ಹೋಲಿಸಿದರೆ ಹುಡುಗಿಯರಲ್ಲಿ ಎಸಿಎಲ್ ಹರಿಯುವುದು 2ರಿಂದ 3 ಪಟ್ಟು ಜಾಸ್ತಿ. ಜಿಗಿದು ಇಳಿಯುವಾಗ ಮೊಣಕಾಲು ಒಳಕ್ಕೆ ವಾಲುವುದು ಒಂದು ಮುಖ್ಯ ಕಾರಣ, ಅದನ್ನು ತಿದ್ದಬಹುದು. ಫುಟ್‌ಬಾಲ್ ಆಟಗಾರರಿಗೆಂದು ರೂಪಿಸಿದ ಫಿಫಾ 11+ ಎಂಬ 20 ನಿಮಿಷದ ವಾರ್ಮ್-ಅಪ್ ಇದೆ. ಸಲಕರಣೆ ಬೇಕಿಲ್ಲ, ಮೈದಾನ ಸಾಕು. ಮೊಣಕಾಲು ಪಾದದ ನೇರಕ್ಕೇ ಇರುವಂತೆ ಬಾಗಿ ಇಳಿಯುವುದನ್ನು ಅದು ಕಲಿಸುತ್ತದೆ. ಖೋ-ಖೋ ಹುಡುಗಿಯರಿಗೂ ಅದು ಹೊಂದುತ್ತದೆ. ಕಾಲೇಜಿನ ಪಿಟಿ ಸರ್‌ಗೆ ನೀವೇ ಹೋಗಿ ಹೇಳಿ.

ಬೈಕಿನಿಂದ ಬಿದ್ದು ಮೊಣಕಾಲಿಗೆ ಪೆಟ್ಟಾದವರಿಗೆ ಈ ಸಮಾಧಾನದ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಎರಡು ಮೂರು ಲಿಗಮೆಂಟ್ ಒಟ್ಟಿಗೆ ಹರಿದು, ಕೀಲೇ ತಪ್ಪಿ, ಹಿಂದಿನ ರಕ್ತನಾಳಕ್ಕೂ ಪೆಟ್ಟಾಗಿರಬಹುದು. ಪಾದ ತಣ್ಣಗಾದರೆ, ಬಣ್ಣ ಬದಲಾದರೆ, ಪಾದ ಮೇಲೆತ್ತಲು ಬಾರದಿದ್ದರೆ ಆ ತಾಸಿನಲ್ಲೇ ದೊಡ್ಡ ಆಸ್ಪತ್ರೆ ಸೇರಬೇಕು. ರಕ್ತ ನಿಂತ ಕಾಲನ್ನು ಉಳಿಸಲು ಆರರಿಂದ ಎಂಟು ತಾಸಷ್ಟೇ ಸಿಗುತ್ತದೆ.

ನೀವು ಮುಂದಿನ ಸಲ ಸರ್ಜನ್ ಹತ್ತಿರ ಹೋದಾಗ ಮಗಳನ್ನೇ ಮಾತಾಡಲು ಬಿಡಿ. ಕಾಲು ಎಲ್ಲಿ, ಹೇಗೆ ತಪ್ಪಿತು ಎಂದು ಅಲ್ಲಿಯವರೆಗೆ ಒಂದು ಹಾಳೆಯಲ್ಲಿ ಬರೆದಿಡಲಿ. ಮೆನಿಸ್ಕಸ್ ಹೊಲಿಯುತ್ತೀರೋ ಕತ್ತರಿಸುತ್ತೀರೋ, ಹೊಸ ಲಿಗಮೆಂಟಿಗೆ ಎಲ್ಲಿಂದ ತೆಗೆಯುತ್ತೀರಿ, ಆಪರೇಷನ್ ಆದ ಮೇಲೆ ವ್ಯಾಯಾಮ ಹೇಳಿಕೊಡುವವರು ಯಾರು ಎಂದು ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಎಷ್ಟು ಸಿಗುತ್ತದೆ, ಒಳಗೆ ಹಾಕುವ ಸ್ಕ್ರೂ-ಬಟನ್‌ಗಳ ಖರ್ಚು ಅದರಲ್ಲಿ ಸೇರಿದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ. ಇಷ್ಟಕ್ಕೂ ಉತ್ತರ ಸಿಕ್ಕ ಮೇಲೆ, ಕಾಲು ಪೂರ್ತಿ ನೆಟ್ಟಗಾದ ಮೇಲೆ ದಿನ ಗೊತ್ತು ಮಾಡಿ. ಅಲ್ಲಿಯವರೆಗೆ ಆಕೆ ಹೊಲದ ಬದು ಹತ್ತಿ ಇಳಿಯುವುದು ಬೇಡ.